ಯಾರ ಮರವೂ ಅಲ್ಲದ ಸೌದೆ

ಖಂಡವನ್ನು ಹೊಗೆಗೆ ಹಾಕಲು ಯಾವ ಸೌದೆ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಬರುವುದು ಸಿಟ್ಟು, ಉತ್ತರ ಆಮೇಲೆ. ಹೋದ ವರ್ಷ ಕೇಳಿದವನು ನನ್ನ ಅಳಿಯ. ಚಿತ್ರದುರ್ಗದಲ್ಲಿ ಟ್ರಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ಒಳ್ಳೆಯವನೇ, ಆದರೆ ಫೋನಿನಲ್ಲಿ ಕಂಡದ್ದನ್ನೆಲ್ಲ ಮನೆಯಲ್ಲಿ ಮಾಡಿ ನೋಡದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ. ಯಾವುದೋ ದೇಶದವರು ಮಾಂಸವನ್ನು ಹೊಗೆಯಲ್ಲಿ ಹದ ಮಾಡುವುದನ್ನು ನೋಡಿ, ಹಳೆಯ ಎಣ್ಣೆ ಡ್ರಮ್ಮಿಗೆ ಬಾಗಿಲು, ಹೊಗೆಕೊಳವೆ ಎಲ್ಲ ಬೆಸುಗೆ ಹಾಕಿಸಿ ಹಿತ್ತಲಲ್ಲಿ ನಿಲ್ಲಿಸಿದ್ದ. ಮತ್ತೋಡಿನ ಹತ್ತಿರದ ನಮ್ಮ ಹಳ್ಳಿಗೆ ಬಂದವನು ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ ಮಾತು ತೆಗೆದ.

"ಅತ್ತೆ, ಖಂಡ ಹೊಗೆಗೆ ಹಾಕಾಕೆ ಯಾವ ಸೌದೆ ಚೆನ್ನಾಗಿರ್ತೈತೆ? ನಾನು ಹುಣಸೆ ಹಾಕ್ತಿದೀನಿ. ಮಕ್ಕಳು ತಿಂತವೆ, ನಿಮ್ಮ ಮಗಳೂ ತಿಂತಾಳೆ. ನಮ್ಮಮ್ಮ ಮಾತ್ರ ಮುಟ್ಟಲ್ಲ. ಹೊಟ್ಟೆ ಉಬ್ಬರ ಅಂತಾಳೆ."

ಆ ಕೊನೆಯ ಮಾತು ಕಿವಿಗೆ ಬಿದ್ದದ್ದೇ ತಡ, ಎತ್ತಿಕೊಂಡಿದ್ದ ತಟ್ಟೆಯನ್ನು ಹಾಗೇ ಕೆಳಗಿಟ್ಟೆ. ಹೊಟ್ಟೆ ಉಬ್ಬರ ಎಂಬ ನೆಪವನ್ನು ನಾನು ಇದೇ ಮನೆಯಲ್ಲಿ, ಇನ್ನೊಬ್ಬರ ಬಾಯಲ್ಲಿ ಕೇಳಿದ್ದೆ. ಅದು ಏಕೆ ನನ್ನನ್ನು ಅಷ್ಟು ಕಲಕಿತು ಎಂದು ತಿಳಿಯಬೇಕಾದರೆ ನನ್ನ ಮದುವೆಯ ದಿನಗಳಿಂದ ಹೇಳಬೇಕು.

ನಮ್ಮದು ಕುರಿ ಸಾಕುವವರ ವಂಶ. ನಮ್ಮ ಜನದಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಬೆಡಗು, ಎಂದರೆ ಕುಲದ ಗುರುತು. ಕೆಲವರ ಬೆಡಗಿಗೆ ಒಂದು ಮರ, ಕೆಲವರದಕ್ಕೆ ಒಂದು ಪ್ರಾಣಿ. ಬೆಡಗಿನ ಮರ ಯಾವುದೋ ಅದಕ್ಕೆ ಆ ಮನೆಯವರು ಕೊಡಲಿ ಹಾಕಬಾರದು, ಅದರ ಕಡ್ಡಿಯನ್ನೂ ಒಲೆಗೆ ಇಡಬಾರದು. ಹಿರಿಯೂರು ಸೀಮೆಯ ಜವನಗೊಂಡನಹಳ್ಳಿಯ ಕಡೆ ನನ್ನ ತವರು. ನಮ್ಮದು ಆರೆ ಮರದ ಬೆಡಗು. ಗೊರಸಿನ ಹಾಗೆ ಎರಡು ಸೀಳಾದ ಎಲೆಯ, ಗಂಟು ಗಂಟಾದ ಕಾಂಡದ ಮರ. ನೋಡಲು ಅಂಥ ಚೆಂದವೇನಲ್ಲ. ನಮ್ಮ ಹೊಲದ ಕಲ್ಲುಬದುವಿನ ಮೇಲೆ ಒಂದು ಹಳೆಯ ಆರೆ ಇತ್ತು. ದಸರೆಯಲ್ಲಿ ಅವ್ವ ಅದರ ಬುಡಕ್ಕೆ ನೀರು ಹಾಕಿ, ಒಂದು ಎಲೆ ಕಿತ್ತು ನನ್ನ ಕಣ್ಣಿಗೆ ಒತ್ತಿ, "ಇದು ನಿಮ್ಮ ಅಜ್ಜಿ ಇದ್ದಂಗೆ" ಎನ್ನುತ್ತಿದ್ದಳು. ಉದುರಿದ ಎಲೆಯನ್ನು ತುಳಿದರೂ ಗದರುತ್ತಿದ್ದಳು. ಅಜ್ಜಿಯನ್ನು ಒಲೆಗೆ ಇಡುವವರು ಯಾರಾದರೂ ಇರುತ್ತಾರೆಂದು ನನಗೆ ಮದುವೆಯಾಗುವವರೆಗೆ ಗೊತ್ತಿರಲಿಲ್ಲ.

ನನ್ನನ್ನು ಕೊಟ್ಟದ್ದು ಹೊಸದುರ್ಗ ತಾಲೂಕಿಗೆ, ಈ ಮನೆಗೆ. ನಮ್ಮ ಮನೆಯವರದು ಆನೆ ಬೆಡಗು. ಆನೆಯನ್ನು ಯಾರು ತಂದು ಒಲೆಗೆ ಹಾಕುತ್ತಾರೆ? ಗಂಡಸರಿಗೆ ಎಲ್ಲವೂ ಹೀಗೆ ಸಲೀಸಾದದ್ದೇ ಬಂದಿರುತ್ತದೆ. ಮನೆಯ ಯಜಮಾನಿಕೆ ಅತ್ತೆಯ ಕೈಯಲ್ಲಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದು ಊರ ಶಾಲೆಯ ಮುಂದೆ ಮೊದಲ ಸಲ ಬಾವುಟ ಏರಿಸಿದ ವರ್ಷವೇ ಅವರು ಸೊಸೆಯಾಗಿ ಬಂದದ್ದಂತೆ. ಸಣ್ಣ ಆಳು, ಒಣಗಿದ ಮೈ, ಮಾತು ಮಾತ್ರ ಮಚ್ಚಿನ ಏಟು. ಒಲೆಯ ಮುಂದೆ ಅವರು ಕುಂತರೆ ಬೆಂಕಿಯೂ ಹೆದರಿಕೊಂಡೇ ಉರಿಯುತ್ತಿತ್ತು.

ಸುಗ್ಗಿ ಮುಗಿದ ಮೇಲೆ ನಮ್ಮ ಮನೆಯವರು ಕುರಿ ಹೊಡೆದುಕೊಂಡು ಭದ್ರಾ ಕಾಲುವೆಯ ಕಡೆಯ ಗದ್ದೆಬಯಲಿಗೆ ಹೋಗಿಬಿಡುತ್ತಿದ್ದರು. ತಿರುಗಿ ಮುಖ ಕಾಣುತ್ತಿದ್ದುದು ಮುಂಗಾರು ಹತ್ತಿರವಾದಾಗ. ಅಷ್ಟು ದಿನ ಬಯಲಲ್ಲಿ ಮುದ್ದೆಗೆ ನೆಂಚಿಕೊಳ್ಳಲು ಅವರ ಕಂಬಳಿ ಗಂಟಿನಲ್ಲಿ ಇರುತ್ತಿದ್ದುದು ಒಣಖಂಡ. ಹಸ್ತ ಮಳೆಯಲ್ಲಿ ಕಾಲು ಕೆಟ್ಟು ನಡೆಯಲಾರದ ಕುರಿಗಳನ್ನು ಕೊಯ್ದು, ಖಂಡವನ್ನು ಉದ್ದುದ್ದ ಸೀಳಿ, ಉಪ್ಪು ಅರಿಶಿನ ಖಾರ ಸವರಿ ಹುರಿಗೆ ಪೋಣಿಸಬೇಕು. ಬಿಸಿಲಿದ್ದರೆ ಬಿಸಿಲೇ ಒಣಗಿಸುತ್ತದೆ. ಹಸ್ತ ಮಳೆಯಲ್ಲಿ ಬಿಸಿಲೆಲ್ಲಿ? ಒಲೆಯ ಮೇಲೆ ಬಿದಿರಿನ ಗಳ ಕಟ್ಟಿ, ಸೀಳುಗಳನ್ನು ಇಳಿಬಿಟ್ಟು, ಕೆಳಗೆ ಉರಿ ಏಳದ ಹಾಗೆ, ಆರಿಯೂ ಹೋಗದ ಹಾಗೆ ಹೊಗೆ ಹಿಡಿಸಬೇಕು. ಹಗಲೆಲ್ಲ ಒಬ್ಬರು ಅಲ್ಲೇ ಕುಂತಿರಬೇಕು. ಹೊಗೆ ಕೆಟ್ಟರೆ ಖಂಡಕ್ಕೆ ಹುಳ ಬೀಳುತ್ತದೆ. ಖಂಡ ಕೆಟ್ಟರೆ ಬಯಲಲ್ಲಿರುವ ಗಂಡಸರು ಬರೀ ಉಪ್ಪು ಮೆಣಸಿನಕಾಯಿಯಲ್ಲಿ ಮುದ್ದೆ ನುಂಗಬೇಕು.

ನನ್ನ ಮೊದಲ ಹಸ್ತ ಮಳೆಗೆ ನಾನು ಬಸುರಿ. ಅತ್ತೆ ಹಿತ್ತಲ ಮಾಡಿನಿಂದ ಸೌದೆಯ ಹೊರೆ ತಂದು ಒಲೆಯ ಪಕ್ಕ ಕೆಡವಿದರು. ಗಂಟು ಗಂಟಾದ ಕಾಂಡ, ಒಂದೆರಡು ಕೊನೆಗಳಲ್ಲಿ ಇನ್ನೂ ಅಂಟಿಕೊಂಡಿದ್ದ ಸೀಳೆಲೆ.

"ಅತ್ತೆ, ಇದು ಆರೆ."

"ಹೂಂ, ಆರೆ. ಈ ಮನೆಯಾಗೆ ಖಂಡಕ್ಕೆ ಆರೆನೇ ಹಾಕೋದು. ಹೊಗೆ ತೆಳ್ಳಗೆ ಬರ್ತೈತೆ, ಖಂಡ ಕೆಂಪಗೆ ಆಗ್ತೈತೆ."

"ನಮ್ಮ ಬೆಡಗಿನ ಮರ ಇದು. ನಾನು ಹಚ್ಚಬಾರ್ದು."

ಅತ್ತೆ ನನ್ನ ಮುಖ ನೋಡಲಿಲ್ಲ. "ಧಾರೆ ಎರೆದ ದಿನಕ್ಕೇ ಅದು ಮುಗೀತು. ಇವತ್ತಿಂದ ನಿಂದು ಈ ಮನೆ ಬೆಡಗು. ನಿನ್ನ ಮರ ನಿನ್ನ ತವರಾಗೆ ಐತೆ, ಇಲ್ಲಿರೋದು ಸೌದೆ. ಕುಂತ್ಕ."

ಹಿರಿಯರ ಲೆಕ್ಕದಲ್ಲಿ ಅವರು ಹೇಳಿದ್ದು ಸರಿಯೇ. ಮದುವೆಯಾದ ಹೆಣ್ಣು ಗಂಡನ ಬೆಡಗಿಗೆ ಸೇರಿದವಳು. ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು. ಆದರೆ ಕಣ್ಣಿಗೆ ಎಲೆ ಒತ್ತಿದ ಅವ್ವನ ಕೈ ಧಾರೆಯ ನೀರಿನಲ್ಲಿ ತೊಳೆದು ಹೋಗುತ್ತದೆಯೇ? ನಾನು ಕುಂತೆ. ಕೊಳ್ಳಿ ಹಚ್ಚಿದವರು ಅತ್ತೆ. ಹೊಗೆ ಎದ್ದಾಗ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅತ್ತೆ ಕೈ ಚಾಚಿ ಸೆರಗನ್ನು ಎಳೆದು ಕೆಳಗೆ ಹಾಕಿದರು.

"ಮೂಗು ಮುಚ್ಕಂಡ್ರೆ ಹದ ಗೊತ್ತಾಗಲ್ಲ. ಹೊಗೆ ಕುಡ್ದೇ ಕಲೀಬೇಕು."

ಖಂಡ ಒಣಗುವವರೆಗೂ ದಿನಾ ಆ ಹೊಗೆ ಕುಡಿದೆ. ಸ್ವಲ್ಪ ಸಿಹಿ, ಸ್ವಲ್ಪ ಒಗರು, ಬೆಲ್ಲ ಕಾಯಿಸುವಾಗ ತಳ ಹಿಡಿದ ಹಾಗಿರುವ ವಾಸನೆ. ಇವತ್ತಿಗೂ ಅದು ನನ್ನ ಮೂಗು ಬಿಟ್ಟು ಹೋಗಿಲ್ಲ. ಒಂದು ಚೂರು ಖಂಡವನ್ನೂ ನಾನು ಬಾಯಿಗೆ ಹಾಕಲಿಲ್ಲ.

ಆ ಚಳಿಗಾಲದಲ್ಲಿ, ತಿಂಗಳು ತುಂಬುವ ಮೊದಲೇ, ನನ್ನ ಮಗು ಹೋಯಿತು. ಗಂಡು. ಹೊಸದುರ್ಗದ ಆಸ್ಪತ್ರೆಯಲ್ಲಿ ರಕ್ತ ಕಡಿಮೆ ಎಂದರು, ಬಸುರಿಗೆ ಭಾರ ಹೊರಿಸಬಾರದಿತ್ತು ಎಂದರು. ಅವರು ಹೇಳಿದ್ದೇ ನಿಜವಿರಬಹುದು. ಈಗ ಕೇಳಿದರೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಆಗ ನನಗೆ ಅನುಮಾನವೇ ಇರಲಿಲ್ಲ. ಅಜ್ಜಿಯನ್ನು ಸುಟ್ಟಿದ್ದೇವೆ, ಅಜ್ಜಿ ಮಗುವನ್ನು ವಾಪಸು ತೆಗೆದುಕೊಂಡಳು ಎಂದೇ ನಂಬಿದೆ. ಆ ದುಃಖದ ಜೊತೆಗೆ ಬೆರೆತಿದ್ದ ರೋಷವನ್ನು ಹೇಗೆ ಹೇಳಲಿ? ಅತ್ತೆ ಬಿಸಿನೀರು ಕಾಯಿಸಿ ತಂದರೆ ಆ ನೀರನ್ನು ಅವರ ಮೇಲೇ ಚೆಲ್ಲಬೇಕು ಅನ್ನಿಸುತ್ತಿತ್ತು. ಅವರು ಬಾಣಂತಿ ಖಾರ ಅರೆದು ಕೊಟ್ಟರು, ಮೈಗೆ ಎಣ್ಣೆ ತಿಕ್ಕಿದರು, ಮಗುವಿನ ಮಾತು ಮಾತ್ರ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಗಂಡ ಬಯಲಲ್ಲಿದ್ದ. ಕೆಂಪಗೆ ಒಣಗಿದ ಖಂಡವನ್ನು ಮುದ್ದೆಗೆ ನೆಂಚಿಕೊಂಡು ಉಣ್ಣುತ್ತಿದ್ದ.

ಮತ್ತೆ ನಾನು ಬಸುರಿಯಾದದ್ದು ಒಂದು ವರ್ಷ ಬಿಟ್ಟು. ಹಸ್ತ ಮಳೆ ಹತ್ತಿರ ಬರುತ್ತಿದ್ದ ಹಾಗೆ ನನಗೆ ನಿದ್ದೆ ದೂರವಾಯಿತು. ಈ ಸಲ ಏನೇ ಆಗಲಿ, ಒಲೆಗೆ ಆರೆ ಹೋಗಬಾರದು. ಈ ಮಗು ಉಳಿಯಬೇಕು. ಅತ್ತೆಯ ಹತ್ತಿರ ವಾದ ಮಾಡಿ ಗೆಲ್ಲುವವಳು ನಾನಲ್ಲ. ಬೇರೆ ಒಳ್ಳೆಯ ಸೌದೆ ತಂದು ಮುಂದೆ ಇಟ್ಟರೆ ಅವರೇ ಸುಮ್ಮನಾಗುತ್ತಾರೆ ಎಂದುಕೊಂಡು ಹುಡುಕಲು ಶುರು ಮಾಡಿದೆ.

ಒಲೆಗೆ ಯಾವ ಸೌದೆಯಾದರೂ ಆದೀತು, ಹೊಗೆಗೆ ಆಗುವುದಿಲ್ಲ ಎಂದು ಆಗ ಕಲಿತೆ. ನಮ್ಮ ಹಿತ್ತಲಲ್ಲೇ ಬೇವಿತ್ತು. ಎರಡು ಸೀಳು ಖಂಡ ಅತ್ತೆಗೆ ಕಾಣದಂತೆ ತೆಗೆದಿಟ್ಟುಕೊಂಡು, ಅವರು ಹೊಲಕ್ಕೆ ಹೋದಾಗ ಬೇವಿನ ಹೊಗೆ ಹಿಡಿಸಿ ನೋಡಿದೆ. ನಾಯಿ ಮೂಸಿ, ನನ್ನ ಮುಖ ನೋಡಿ ಹೊರಟು ಹೋಯಿತು. ಬದುವಿನ ಹೊಂಗೆ ತಂದೆ. ಕಣ್ಣು ಉರಿದು ನೀರು ಸುರಿಯಿತು, ಖಂಡಕ್ಕೆ ದೀಪದ ಎಣ್ಣೆಯ ವಾಸನೆ ಬಂತು. ಕಳ್ಳಿಯ ಮಾತೇ ಬೇಡ, ಅದರ ಹಾಲು ವಿಷ. ತಂಗಡಿ ಗಿಡದ ಕಡ್ಡಿ ಭರ್ರೆಂದು ಉರಿದು ಬೂದಿಯಾಯಿತು. ಶ್ರೀರಾಂಪುರದ ರಸ್ತೆಯಲ್ಲಿ ಹುಣಸೆಯಿತ್ತು, ಒಳ್ಳೆಯ ಕೆಂಡ, ಹೊಗೆಯೂ ಹದವಾಗಿರುತ್ತದೆ, ಆದರೆ ರಸ್ತೆಯ ಮರದ ಕೊಂಬೆ ಮುರಿದರೆ ಹಿಡಿಯುತ್ತಿದ್ದರು. ಕೊನೆಗೆ ಹೊಸದಾಗಿ ನೆಟ್ಟಿದ್ದ ನೀಲಗಿರಿ ತೋಪಿನಲ್ಲಿ ಬಿದ್ದಿದ್ದ ಕೊಂಬೆಗಳನ್ನು ಆಯ್ದು, ಹೊರೆ ಕಟ್ಟಿ ತಂದೆ. ಆ ದಿನ ಅತ್ತೆ ಜ್ವರ ಬಂದು ಮಲಗಿದ್ದರು. ಖಂಡವನ್ನೆಲ್ಲ ನಾನೇ ಗಳಕ್ಕೆ ಹಾಕಿ ನೀಲಗಿರಿ ಹೊಗೆ ಹಿಡಿಸಿದೆ. ಮನೆಯವರು ಒಂದು ಸೀಳು ಕಚ್ಚಿ ನೋಡಿ ಮುಖ ಸಿಂಡರಿಸಿದರು. "ಲೇ, ಇದನ್ನ ತಿಂದ್ರೆ ನೆಗಡಿ ಹೋಗ್ತೈತೆ ನೋಡು, ಹಸಿವು ಹೋಗಲ್ಲ" ಎಂದು ನಕ್ಕರು. ಅವರಿಗೆ ಅದು ನಗುವ ವಿಷಯ. ಎರಡು ಕುರಿಯ ಖಂಡ ತಿಪ್ಪೆ ಸೇರಿತು.

ಅತ್ತೆ ಜ್ವರದಲ್ಲೇ ಎದ್ದು ಬಂದರು. ತಿಪ್ಪೆಯ ಮೇಲೆ ಕಾಗೆಗಳು ಕಿತ್ತಾಡುತ್ತಿದ್ದುದನ್ನು ನೋಡಿದರು. ಬಾಗಿಲಿಗೆ ಆತುಕೊಂಡು ನಿಂತು, "ಯಾವ ಜನ್ಮದ ಹಗೆ ತೀರಿಸ್ಕಳಾಕೆ ಬಂದೀಯೆ ನೀನು? ಬಯಲಿಗೆ ಹೋಗೋನು ಏನ್ ತಿನ್ಬೇಕು?" ಎಂದು ಶುರು ಮಾಡಿದರು. ಅಷ್ಟು ದಿನ ಕಟ್ಟಿಟ್ಟುಕೊಂಡದ್ದು ನನಗೂ ಒಡೆಯಿತು.

"ನಿಮ್ಮ ಮಗ ಏನ್ ತಿಂತಾನೆ ಅಂತ ಕೇಳ್ತೀರಿ. ನನ್ನ ಮಗನ್ನ ಯಾರು ತಿಂದ್ರು ಅಂತ ಕೇಳ್ರಿ. ನೀವು ಕುಡ್ಸಿದ ಹೊಗೆಯಾಗೇ ಅವನು ಹೋದ. ಇದನ್ನೂ ತೆಗೆದುಬಿಡ್ರಿ, ಆಮೇಲೆ ಎಷ್ಟು ಬೇಕಾದ್ರೂ ಆರೆ ಸುಡ್ರಿ!"

ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿಲ್ಲ. ಬಾಗಿಲ ಹೊಸ್ತಿಲ ಒಳಗೆ ಹಾಗೇ ಕುಸಿದು ಕುಂತರು. ಮನೆಯವರು ಹೊರಗೆ ಕುರಿಯ ಕಾಲು ತೊಳೆಯುತ್ತಿದ್ದವರು ಇನ್ನೂ ದೂರ ಸರಿದರು. ಹೆಂಗಸರ ಜಗಳದ ಹತ್ತಿರ ಅವರು ಎಂದೂ ಸುಳಿದವರಲ್ಲ. ಅತ್ತೆ ನೆಲ ನೋಡುತ್ತಲೇ ಮಾತಾಡಿದರು.

"ನಾನು ಜಾಲಿ ಬೆಡಗಿನೋಳು ಕಣೆ. ಕರಿಜಾಲಿ."

ನನಗೆ ಅರ್ಥವಾಗಲಿಲ್ಲ.

"ಈ ಮನೆಯಾಗೆ ಮೊದಲು ಖಂಡಕ್ಕೆ ಹಾಕ್ತಿದ್ದುದು ಜಾಲಿ. ನಮ್ಮತ್ತೆ ನನಗೂ ಇದೇ ಹೇಳಿದ್ಳು, ನಿನ್ನ ಮರ ನಿನ್ನ ತವರಾಗೆ ಐತೆ, ಇಲ್ಲಿರೋದು ಸೌದೆ ಅಂತ. ನಾನೂ ಹೊಗೆ ಕುಡಿದೆ. ಮೊದಲನೇದು ಹೋಯ್ತು, ಎರಡನೇದೂ ಹೋಯ್ತು. ಹೊಟ್ಟೆ ಉಬ್ಬರ ಅಂತ ಸುಳ್ಳು ಹೇಳಿ ಖಂಡ ಮುಟ್ಟದಂಗೆ ವರ್ಷಾನುಗಟ್ಲೆ ಇದ್ದೆ. ನಮ್ಮತ್ತೆ ಸತ್ತ ವರ್ಷವೇ ಜಾಲಿ ಬಿಡಿಸಿ ಗುಡ್ಡದಿಂದ ಆರೆ ತರಿಸ್ದೆ. ಈ ಮನೆಗೆ ಆರೆ ತಂದೋಳು ನಾನೇ. ಆಮೇಲೆ ನಿನ್ನ ಗಂಡ ಹುಟ್ಟಿ ಉಳಿದ."

"ನಾನು ಆರೆಯೋಳು ಅಂತ ನಿಮಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು. ಹೆಣ್ಣು ಕೇಳಾಕೆ ಬಂದ ದಿನವೇ ಗೊತ್ತಿತ್ತು." ಸೆರಗಿನಿಂದ ಮುಖ ಒರೆಸಿಕೊಂಡರು. "ಮತ್ತೆ ಜಾಲಿಗೆ ಹೋಗಾಕೆ ನನಗೆ ಧೈರ್ಯ ಬರ್ಲಿಲ್ಲ ಕಣೆ. ನನ್ನ ಪಾಲಿನದು ತಪ್ಪಿದ್ರೆ ಸಾಕಾಗಿತ್ತು."

ಈ ಮಾತಿಗೆ ನಾನು ಅವರನ್ನು ಕ್ಷಮಿಸಿದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಕ್ಷಮಿಸಲಿಲ್ಲ. ತಾನು ಪಟ್ಟದ್ದು ಗೊತ್ತಿದ್ದೂ ಇನ್ನೊಬ್ಬಳ ಮೂಗಿನಿಂದ ಸೆರಗು ಎಳೆದವರನ್ನು ಅಷ್ಟು ಬೇಗ ಹೇಗೆ ಕ್ಷಮಿಸುವುದು? ಆದರೆ ಅವತ್ತೇ ಸಂಜೆ ಅತ್ತೆ ಮಾಡಿನಲ್ಲಿದ್ದ ಆರೆ ಸೌದೆಯನ್ನೆಲ್ಲ ತಾವೇ ಹೊತ್ತು, ಜ್ವರದ ಮೈಯಲ್ಲಿ ತೂರಾಡುತ್ತ, ಊರಾಚೆಯ ಹಳ್ಳಕ್ಕೆ ಹಾಕಿ ಬಂದರು. ಬೇಡ ಎನ್ನಲು ನಾನೂ ಹೋಗಲಿಲ್ಲ.

ಈಗ ಒಂದು ಮನೆಯಲ್ಲಿ ಎರಡು ಮರಗಳು ಒಲೆಗೆ ನಿಷಿದ್ಧವಾದವು, ಗಳದಲ್ಲಿ ಖಂಡವಿಲ್ಲ, ಗಂಡಸರು ಹೊರಡುವ ದಿನ ಹತ್ತಿರ. ಅತ್ತೆ ಸೊಸೆ ಇಬ್ಬರೂ ಸೌದೆ ಹುಡುಕಲು ಹೊರಟೆವು. ಕೆರೆ ಏರಿಯ ಮೇಲೆ ಆಗತಾನೇ ಹಬ್ಬುತ್ತಿದ್ದ ಬಳ್ಳಾರಿ ಜಾಲಿಯ ಮುಂದೆ ಅತ್ತೆ ನಿಂತರು. ಸರ್ಕಾರದವರು ಸೌದೆಗೆ ಆಗಲಿ ಎಂದು ಬೀಜ ಎರಚಿಸಿದ್ದಂತೆ. ನಮ್ಮ ಕಡೆ ಅದನ್ನು ಇನ್ನೂ ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಅತ್ತೆ ಒಂದು ರೆಂಬೆಯನ್ನು ಬಗ್ಗಿಸಿ ಹೂವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಅವರ ಕರಿಜಾಲಿಯದು ದುಂಡನೆಯ ಹಳದಿ ಹೂ. ಇದರದು ಕಂಬಳಿಹುಳದ ಹಾಗೆ ಉದ್ದ. ಕಾಯಿಯೂ ಬೇರೆ, ಎಲೆಯೂ ಬೇರೆ.

"ಇದು ನಮ್ಮ ಜಾಲಿಯಲ್ಲ" ಎಂದರು. "ಇದು ಮೊನ್ನೆ ಬಂದಿದ್ದು. ಇದಕ್ಕೆ ಬೆಡಗಿಲ್ಲ, ನಂಟಿಲ್ಲ. ಇದು ಯಾರ ಮರನೂ ಅಲ್ಲ."

ಕಡಿಯುವಾಗ ಇಬ್ಬರ ಕೈಗೂ ಮುಳ್ಳು ನಾಟಿ ಬೆರಳು ಕೀವಾಯಿತು. ಆದರೆ ಸೌದೆ ಗಟ್ಟಿ, ಕೆಂಡ ನಿಲ್ಲುತ್ತದೆ, ಮೇಲೆ ಸ್ವಲ್ಪ ನೀರು ಚಿಮುಕಿಸಿದರೆ ಹೊಗೆ ಒಂದೇ ಸಮನೆ ಎದ್ದು ಬರುತ್ತದೆ. ಮತ್ತೊಂದು ಕುರಿ ಕೊಯ್ದೆವು. ಖಂಡ ಕಂದು ಬಣ್ಣಕ್ಕೆ ತಿರುಗಿ, ಮುರಿದರೆ ಚಟ್ಟನೆ ಮುರಿಯುವಂತೆ ಒಣಗಿತು. ಅತ್ತೆ ಮೊದಲ ಸೀಳನ್ನು ನನ್ನ ಕೈಗೆ ಕೊಟ್ಟರು, ಎರಡನೆಯದನ್ನು ತಾವು ಅಗಿದರು. ಮದುವೆಯಾದ ಮೇಲೆ ಆ ಮನೆಯ ಒಣಖಂಡವನ್ನು ನಾನು ತಿಂದದ್ದು ಅದೇ ಮೊದಲು. ರುಚಿಯಾಗಿತ್ತು. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೇ ನನಗೆ ಸಿಟ್ಟು ಬಂತು.

ಆ ಬೇಸಿಗೆಗೆ ನನ್ನ ಮಗಳು ಹುಟ್ಟಿ ಉಳಿದಳು. ಬಳ್ಳಾರಿ ಜಾಲಿ ನಮ್ಮ ಮನೆಯ ದೊಡ್ಡ ನೆಂಟನಾಯಿತು. ಅತ್ತೆ ಅದರ ಕಾಯಿ ತಂದು ಹಿತ್ತಲ ಬೇಲಿಯುದ್ದಕ್ಕೂ ಹಾಕಿದರು. ಸಿಹಿಯಾದ ಕಾಯಿ, ಕುರಿಗಳಿಗಂತೂ ಪ್ರಾಣ. ಉದುರುವುದೇ ತಡ, ಕೆರೆ ಏರಿಯ ಮೇಲೆ ಮುಗಿಬಿದ್ದು ತಿನ್ನುತ್ತಿದ್ದವು.

ಮಗಳಿಗೆ ಹೆಸರಿಟ್ಟ ಮೇಲೆ ಒಂದು ದಿನ ಅತ್ತೆ ಮಗನನ್ನು ಕರೆದು, ನಮ್ಮ ಮಂದೆಯನ್ನೆಲ್ಲ ನನ್ನ ತವರಿನ ಹೊಲಕ್ಕೆ ಹೊಡೆದುಕೊಂಡು ಹೋಗಲು ಹೇಳಿದರು. ಹೊಲದಲ್ಲಿ ಕುರಿ ಮಂದೆ ನಿಂತರೆ ಅದರ ಹಿಕ್ಕೆ ಗಂಜಲವೇ ಗೊಬ್ಬರ. ಅದಕ್ಕಾಗಿ ರೈತರು ಕುರಿಯವರಿಗೆ ಕಾಳು ಕೊಟ್ಟು ಕರೆಸಿಕೊಳ್ಳುತ್ತಾರೆ.

"ಒಂದು ಸೇರು ಕಾಳೂ ಮುಟ್ಟಬ್ಯಾಡ" ಎಂದು ಮಗನಿಗೆ ಹೇಳಿದರು. "ಆ ಆರೆ ಮರದ ಸುತ್ತಲೂ ಮಂದೆ ನಿಲ್ಸು. ಆ ಮರಕ್ಕೆ ನಾನು ತಪ್ಪು ಮಾಡೀನಿ, ಗೊಬ್ಬರನಾದ್ರೂ ಹಾಕಾಣ."

ಅವತ್ತು ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಅವರ ಮೇಲಿದ್ದ ಸಿಟ್ಟು ಕರಗಿದ್ದು ಆಗ. ಮಂದೆ ಕೆರೆ ಏರಿಯ ಮೇಲೆ ಹಾದು, ಕಾಯಿ ಮೇಯುತ್ತ, ಹಿರಿಯೂರಿನ ದಾರಿ ಹಿಡಿಯಿತು. ನನ್ನ ಅಣ್ಣ ನಮ್ಮ ಮನೆಯವರನ್ನು ಹೊಲದಲ್ಲಿ ಇಳಿಸಿಕೊಂಡು ಹಬ್ಬದ ಅಡುಗೆ ಮಾಡಿಸಿದನಂತೆ. ರಾಗಿ ಆ ವರ್ಷ ಎದೆಯುದ್ದ ಬಂತು. ಅವ್ವ ಆರೆ ಎಲೆಯೊಂದನ್ನು ಅತ್ತೆಗೆಂದೇ ಕಳಿಸಿದಳು. ಅತ್ತೆ ಅದನ್ನು ಕಣ್ಣಿಗೆ ಒತ್ತಿಕೊಂಡರು.

ಜಾಲಿ ಬೀಜ ಕುರಿಯ ಹೊಟ್ಟೆಯಲ್ಲಿ ಅರಗುವುದಿಲ್ಲ, ಹಿಕ್ಕೆಯಲ್ಲಿ ಬಿದ್ದರೆ ಇನ್ನೂ ಜೋರಾಗಿ ಮೊಳೆಯುತ್ತದೆ ಎಂಬುದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ಹುಟ್ಟಿದಂದಿನಿಂದ ಕುರಿಯ ಹಿಂದೆ ನಡೆದವರು ನಾವು. ಹಿಕ್ಕೆ ಎಂದರೆ ನಮಗೆ ಹೊನ್ನು. ಕುರಿ ಬಿಟ್ಟದ್ದು ಯಾವ ಹೊಲವನ್ನಾದರೂ ಕೆಡಿಸೀತು ಎಂದು ಅನುಮಾನಪಡುವುದು ನಮ್ಮವರಿಗೆ ಸಾಧ್ಯವೇ ಇರಲಿಲ್ಲ. ಮುಂದಿನ ಮಳೆಗೆ ಸಣ್ಣ ಸಣ್ಣ ಸಸಿ ಎದ್ದವು. ಅಣ್ಣ ಉತ್ತು ಹಾಕಿದ. ಬೇರಿನಿಂದ ಮತ್ತೆ ಎದ್ದವು. ಕಲ್ಲುಬದುವಿನ ಕಡೆ ನೇಗಿಲು ಹೋಗುವುದಿಲ್ಲ, ಅಲ್ಲೇ ಅವು ನೆಲೆಯೂರಿ ಮೆಳೆಯಾದವು. ವರ್ಷ ಕಳೆದ ಹಾಗೆ ಮರದ ಬುಡಕ್ಕೆ ಹೋಗಿ ನೀರು ಹಾಕಲು ದಾರಿಯೇ ಉಳಿಯಲಿಲ್ಲ. ಅವ್ವ ಬದುಕಿದ್ದ ಕೊನೆಯ ದಸರೆಯಲ್ಲಿ ಮೆಳೆಯ ಹೊರಗೇ ನಿಂತು ಕೈ ಮುಗಿದಳು.

ನನ್ನ ಮಗಳು ಹೈಸ್ಕೂಲಿಗೆ ಹೋಗುತ್ತಿದ್ದ ಹೊತ್ತಿಗೆ ಆರೆ ಒಣಗಿಬಿಟ್ಟಿದೆ ಎಂದು ಅಣ್ಣ ಹೇಳಿಕಳಿಸಿದ. ನೋಡಿಕೊಂಡು ಬರಲು ನಾನು ಹೊರಟೆ. ಅತ್ತೆಗೆ ಆಗ ಸೊಂಟ ಬಾಗಿತ್ತು, ಆದರೂ ನಾನೂ ಬರುತ್ತೇನೆ ಎಂದು ಬಸ್ಸು ಹತ್ತಿದರು. ಹೊಲದ ಹತ್ತಿರ ಹೋದರೆ ಮೆಳೆಯೇ ಇರಲಿಲ್ಲ. ಇದ್ದಿಲು ಸುಡುವವರಿಗೆ ಜಾಲಿ ಕಡಿದುಕೊಳ್ಳಲು ಅಣ್ಣ ಹೇಳಿದ್ದನಂತೆ. ಆರೆ ಮರ ಮುಟ್ಟಬೇಡಿ ಎಂದೂ ಹೇಳಿದ್ದನಂತೆ. ಹಿಂದಿನ ದಿನ ಅವನು ಮದುವೆಗೆಂದು ಹಿರಿಯೂರಿಗೆ ಹೋಗಿದ್ದಾಗ ಅವರು ಅದನ್ನೂ ಕಡಿದಿದ್ದರು. ಎಲ್ಲಿಂದಲೋ ಬಂದ ಜನ, ಒಣಗಿದ ಮರ ಸೌದೆಯಲ್ಲದೆ ಇನ್ನೇನು ಎಂದರಂತೆ. ಕಲ್ಲುಬದುವಿನ ಮೇಲೆ ಹಸಿ ಗಾಯದ ಹಾಗೆ ಬೊಡ್ಡೆ ಕಾಣುತ್ತಿತ್ತು. ಹೊಲದ ನಡುವೆ ಸೌದೆ ಒಟ್ಟಿ ಮಣ್ಣು ಮೆತ್ತಿದ ದೊಡ್ಡ ಗುಡ್ಡೆ, ಅದರ ತೂತುಗಳಿಂದ ಹೊಗೆ ಬರುತ್ತಿತ್ತು.

ಗಾಳಿ ನಮ್ಮ ಕಡೆ ತಿರುಗಿತು. ಜಾಲಿ ಹೊಗೆಯ ನಡುವೆ ಸಿಹಿ, ಒಗರು, ತಳ ಹಿಡಿದ ಬೆಲ್ಲ. ನಾನು ಗುರುತಿಸುವ ಮೊದಲೇ ಅತ್ತೆ ಗುರುತಿಸಿದರು. ಬಾಗಿದ ಸೊಂಟವನ್ನು ಕೋಲಿನ ಆಸರೆಯಲ್ಲಿ ನೆಟ್ಟಗೆ ಮಾಡಿಕೊಂಡು, ತಮ್ಮ ಸೆರಗಿನ ತುದಿಯನ್ನು ಎತ್ತಿ ನನ್ನ ಮೂಗಿಗೆ ಒತ್ತಿ ಹಿಡಿದರು. ನಾನು ಮೂರು ಹೊತ್ತೂ ಜಗಳವಾಡುವ ವಯಸ್ಸಿನ ಮಗಳ ತಾಯಿ, ಸಣ್ಣ ಮಗುವಿನ ಹಾಗೆ ಅವರ ಸೆರಗಿನೊಳಗೆ ಅತ್ತುಬಿಟ್ಟೆ.

"ನನ್ನ ಕುರಿನೇ ಬೀಜ ತಂದು ಸುರಿದ್ವಲ್ಲೇ" ಎಂದರು ಅತ್ತೆ. "ಒಳ್ಳೇದು ಮಾಡಾಣ ಅಂತ ಕಳಿಸ್ದೆ ಕಣವ್ವ."

ಅತ್ತೆ ಆಮೇಲೆ ಎರಡು ಮೂರು ವರ್ಷ ಬದುಕಿದ್ದರು. ಬಳ್ಳಾರಿ ಜಾಲಿಯ ಹೊಗೆಯ ಖಂಡವನ್ನೂ ಮತ್ತೆ ಮುಟ್ಟಲಿಲ್ಲ. ಏಕೆ ಎಂದು ನಾನು ಕೇಳಲೂ ಇಲ್ಲ. ಈಗ ನಮ್ಮಲ್ಲಿ ಗ್ಯಾಸ್ ಒಲೆ ಇದೆ, ಫ್ರಿಜ್ಜಿದೆ, ಗಳ ಕಟ್ಟುವವರಿಲ್ಲ. ಕೆರೆ ಏರಿಯ ಮೇಲೆ ಬಳ್ಳಾರಿ ಜಾಲಿಯನ್ನು ಬಿಟ್ಟು ಬೇರೆ ಗಿಡವಿಲ್ಲ. ಯಾರ ಮರವೂ ಅಲ್ಲದ ಮರ ಎಲ್ಲರ ಮರಗಳ ಜಾಗವನ್ನೂ ತೆಗೆದುಕೊಂಡು ನಿಂತಿದೆ. ಅದನ್ನು ಕಂಡರೆ ನನಗೆ ಕೆಂಡದಂಥ ಕೋಪ. ಅದೇ ಇಲ್ಲದಿದ್ದರೆ ನನ್ನ ಮಗಳು ಉಳಿಯುತ್ತಿದ್ದಳೋ ಇಲ್ಲವೋ ಎಂಬ ಹೆದರಿಕೆಯೂ ಜೊತೆಗೇ ಬರುತ್ತದೆ.

ಅಳಿಯನಿಗೆ ಇಷ್ಟೆಲ್ಲ ಹೇಳುವ ತಾಳ್ಮೆ ನನಗಿರಲಿಲ್ಲ. "ನಿಮ್ಮಮ್ಮನ ತವರಿನ ಬೆಡಗು ಯಾವುದಪ್ಪ?" ಎಂದೆ.

ಅವನು ನಕ್ಕ. "ನಮ್ಮದು ಗೊತ್ತು ಅತ್ತೆ, ಅಮ್ಮಂದು ಯಾರಿಗೆ ಗೊತ್ತು? ಮದುವೆಯಾದ ಮೇಲೆ ನಮ್ಮದೇ ಅಲ್ವಾ?"

"ಫೋನ್ ಮಾಡಿ ಕೇಳು. ಈಗಲೇ ಕೇಳು."

ನನ್ನ ದನಿಗೆ ಹೆದರಿಯೇ ಇರಬೇಕು, ಫೋನ್ ಹಚ್ಚಿದ. ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿದ. ಬೀಗಿತ್ತಿ ಮೆಲು ಮಾತಿನ ಹೆಂಗಸು, ಈ ಇಪ್ಪತ್ತು ವರ್ಷದಲ್ಲಿ ನನ್ನೊಡನೆ ಊಟವಾಯಿತಾ, ಮಳೆಯಾಯಿತಾ ಎಂಬುದಕ್ಕಿಂತ ಹೆಚ್ಚು ಮಾತಾಡಿದವರಲ್ಲ.

"ಅಮ್ಮಾ, ನಿನ್ನ ತವರಿನ ಬೆಡಗಿನ ಮರ ಯಾವುದು?"

ಆ ಕಡೆ ಕುಕ್ಕರ್ ಕೂಗಿದ್ದು ಕೇಳಿಸಿತು. ಲೈನ್ ಹೋಯಿತೇನೋ ಎಂದು ಅವನು ಫೋನ್ ತಿರುಗಿಸಿ ನೋಡಿದ.

"ಯಾರು ಕೇಳಿದ್ದು?" ಎಂದರು ಅವರು.

"ನಾನೇ ಕೇಳ್ತಿದೀನಿ."

"ನೀನಲ್ಲ ಕಣಪ್ಪ. ಕೇಳು ಅಂತ ನಿನಗೆ ಹೇಳಿದ್ದು ಯಾರು?"

"ಅತ್ತೆ."

ಆ ಕಡೆಯಿಂದ ಮೂಗು ಏರಿಸಿಕೊಂಡ ಸದ್ದು ಬಂತು.

"ಹುಣಸೆ" ಎಂದರು. "ಇರ್ಲಿ ಬಿಡು, ಅದೆಲ್ಲ ಯಾವ ಕಾಲದ್ದೋ. ನಿನ್ನ ಡ್ರಮ್ಮಿಗೆ ಏನ್ ಬೇಕೋ ಹಾಕ್ಕ."

ಅಳಿಯ ಫೋನನ್ನು ಕೈಯಲ್ಲೇ ಹಿಡಿದುಕೊಂಡು ನನ್ನ ಮುಖ ನೋಡಿದ. ಅವನು ಕೇಳಿದ ಪ್ರಶ್ನೆಗೆ ನಾನಿನ್ನೂ ಉತ್ತರ ಹೇಳಿರಲಿಲ್ಲ, ಅವನೂ ಮತ್ತೆ ಕೇಳಲಿಲ್ಲ. ಚಪ್ಪಲಿ ಹಾಕಿಕೊಂಡು, ಅಮ್ಮನ ಹತ್ತಿರ ಹೋಗಬೇಕು ಎಂದಷ್ಟೇ ಹೇಳಿ ಹೊರಟ.